ಮಕ್ಕಳ ಬೇಜಾರು ಕೇಳಲು ಒಂದು ಕೋಣೆ: ದೇಣಿಗೆಗಾಗಿ ಮನವಿ

ಊರಿನ ಹಿರಿಯರೇ, ಪರವೂರುಗಳಲ್ಲಿರುವ ಹಳೆ ವಿದ್ಯಾರ್ಥಿ ಬಂಧುಗಳೇ,

ಕಳೆದ ವರ್ಷ ಕಾಸರಗೋಡಿನ ನಮ್ಮ ಶಾಲೆಯಲ್ಲಿ ಓಣಂ ಪರೀಕ್ಷೆ ಹತ್ತಿರ ಬಂದಿದ್ದ ಸಮಯ. ಮೂರನೇ ತರಗತಿಯ ಹುಡುಗಿಯೊಬ್ಬಳು ಸೋಮವಾರ ಬಂತೆಂದರೆ ಹೊಟ್ಟೆನೋವೆಂದು ಅಳುತ್ತಿದ್ದಳು. ವೈದ್ಯರು ಪರೀಕ್ಷಿಸಿ ಹೊಟ್ಟೆಯಲ್ಲಿ ಏನೂ ದೋಷವಿಲ್ಲ ಎಂದರು. ಅಜ್ಜಿ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ನೋವು ಹೋಗಲಿಲ್ಲ. ಇದು ಹೊಟ್ಟೆಯ ನೋವಲ್ಲ ಎಂದು ಮೊದಲು ಗುರುತಿಸಿದವರು ಅಧ್ಯಾಪಕರಲ್ಲ, ನಮ್ಮ ಬಿಸಿಯೂಟದ ಅಡುಗೆಯಕ್ಕ. "ಈ ಮಗು ಅನ್ನ ಕಲಸುತ್ತದೆ, ಕಲಸುತ್ತಲೇ ಇರುತ್ತದೆ, ಬಾಯಿಗೆ ಹಾಕುವುದಿಲ್ಲ" ಎಂದು ಅವರು ಬಂದು ಹೇಳಿದರು.

ಆಪ್ತ ಸಮಾಲೋಚಕಿಯೊಬ್ಬರನ್ನು ಕರೆಸಿದೆವು. ಒಳ್ಳೆಯ ಮನಸ್ಸಿನವರು, ಅವರಿಗೆ ಬರುತ್ತಿದ್ದುದು ಮಲಯಾಳ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ "ವಿಷಮಂ ಉಂಡೋ?" ಎಂದು ಕೇಳಿದರು. ಬೇಸರವಿದೆಯೇ ಎಂದು ಅದರ ಅರ್ಥ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು ಕೇಳಿ ಬೆಳೆದ ಮಗುವಿಗೆ ಕೇಳಿಸಿದ್ದು 'ವಿಷ ಉಂಡೆಯೋ' ಎಂದು. "ಇಲ್ಲ ಟೀಚರ್, ನಾನು ವಿಷ ತಿಂದಿಲ್ಲ" ಎಂದು ಹೆದರಿ ನಡುಗಿತು. ಆ ಮೇಲೆ ನಮ್ಮ ಟೀಚರೊಬ್ಬರು ಅವಳನ್ನು ಹೊರಗೆ ಹಲಸಿನ ಮರದ ಬುಡಕ್ಕೆ ಕರೆದೊಯ್ದು, "ಬೇಜಾರು ಉಂಟೇ ಮಗಳೇ?" ಎಂದು ಕೇಳಿದರು. ಅಷ್ಟೇ ಸಾಕಾಯಿತು.

ಕೊಳೆರೋಗಕ್ಕೆ ಅಡಿಕೆ ಪೂರ್ತಿ ಉದುರಿತ್ತು. ಸಾಲವಿತ್ತು. ಭಾನುವಾರ ರಾತ್ರಿ ಅಪ್ಪ ಕುಡಿದು ಬರುತ್ತಿದ್ದರು, ಜಗಳವಾಗುತ್ತಿತ್ತು, "ನಾನು ತವರಿಗೆ ಹೋಗುತ್ತೇನೆ" ಎಂದು ಅಮ್ಮ ಸಿಟ್ಟಿನಲ್ಲಿ ಹೇಳುತ್ತಿದ್ದರು. ತಾನು ಶಾಲೆಗೆ ಬಂದರೆ, ಸಂಜೆ ಮನೆ ಮುಟ್ಟುವಷ್ಟರಲ್ಲಿ ಅಮ್ಮ ಇರುವುದಿಲ್ಲ ಎಂಬುದು ಮಗುವಿನ ಸೋಮವಾರದ ಹೊಟ್ಟೆನೋವು. (ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆದಿದ್ದೇವೆ.) ಸಣ್ಣ ಮಕ್ಕಳು ದುಃಖವನ್ನು ದುಃಖವೆಂದು ಹೇಳಲಾರರು. ಅವರ ಹೊಟ್ಟೆ ಹೇಳುತ್ತದೆ, ತಲೆ ಹೇಳುತ್ತದೆ, ರಾತ್ರಿ ಒದ್ದೆಯಾದ ಹಾಸಿಗೆ ಹೇಳುತ್ತದೆ. ಅದನ್ನು ನಟನೆಯೆಂದು ಗದರಿಸಿದವರಲ್ಲಿ ನಾವು ಅಧ್ಯಾಪಕರೂ ಇದ್ದೇವೆ. ಆ ನೋವು ನಮ್ಮಲ್ಲಿ ಇನ್ನೂ ಇದೆ.

ಪೆರ್ಲ, ಬದಿಯಡ್ಕ ಕಡೆಯ ಗುಡ್ಡಗಳ ನಡುವಿನ ಕನ್ನಡ ಮಾಧ್ಯಮ ಶಾಲೆ ನಮ್ಮದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿಯ ಮಕ್ಕಳು ಅಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಮರಾಠಿಯಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ಮಲಯಾಳ ಕಲಿಯಬೇಕು, ಕಲಿಯುತ್ತಾರೆ. ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಎಂಟು ವರ್ಷದ ಮಗು ತನ್ನ ಸಂಕಟವನ್ನು ಮನೆಮಾತಿನಲ್ಲಲ್ಲದೆ ಬೇರೆ ಮಾತಿನಲ್ಲಿ ಹೇಳಲಾರದು.

ಇನ್ನೊಂದು ಬಗೆಯ ಮಕ್ಕಳಿದ್ದಾರೆ. ಅವರು ಯಾರಿಗೂ ಕಾಣುವುದಿಲ್ಲ. ನಮ್ಮ ಸುತ್ತಿನ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ನಿಮಗೆಲ್ಲ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಷೇಧಿಸಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದವರು ಇಂದಿಗೂ ಇದ್ದಾರೆ. ಅಂಥ ಮನೆಯಲ್ಲಿ ಆರೋಗ್ಯವಾಗಿರುವ ತಂಗಿಗೆ ಜ್ವರ ಬಂದರೂ ಹೇಳಲು ಸಂಕೋಚ. ಆರನೇ ತರಗತಿಯ ಅಂಥ ಒಬ್ಬಳನ್ನು ನಾವು ಬಲ್ಲೆವು. ಅಮ್ಮ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಎಲೆ ಸುತ್ತುತ್ತಾರೆ, ಅವಳು ಅಣ್ಣನಿಗೆ ಗಂಜಿ ಉಣ್ಣಿಸಿ, ಬಾಯಿ ಒರೆಸಿ, ಮತ್ತೆ ಪುಸ್ತಕ ಬಿಡಿಸುತ್ತಾಳೆ. "ಜಾಣೆ, ಒಂದೂ ದೂರು ಹೇಳುವುದಿಲ್ಲ" ಎಂದು ಎಲ್ಲರೂ ಅವಳನ್ನು ಹೊಗಳುತ್ತಾರೆ. ನಮಗೆ ಭಯ ಹುಟ್ಟಿಸುವುದು ಆ ಹೊಗಳಿಕೆಯೇ. ತಾಯಂದಿರ ಪಾಡೂ ಬೇರೆಯಲ್ಲ. ಮಾತೃ ಸಂಘದ ಸಭೆಯಲ್ಲಿ ಒಬ್ಬರು ಕೇಳಿದ್ದು ಹೀಗೆ: "ಮಕ್ಕಳ ಬೇಜಾರು ನಾನು ಕೇಳುತ್ತೇನೆ, ನನ್ನದನ್ನು ಯಾರ ಹತ್ತಿರ ಹೇಳಲಿ?"

ಗಲ್ಫಿನಲ್ಲಿರುವ ಅಪ್ಪನ ಕರೆ ಬಂದರೆ ಫೋನಿನ ಹತ್ತಿರ ಬರಲೊಪ್ಪದ ಮಕ್ಕಳೂ, ಏಳನೇ ತರಗತಿ ಮುಗಿಸಿ ದೊಡ್ಡ ಶಾಲೆಗೆ ಹೋಗಿ ಭಾಷೆ ತಿಳಿಯದೆ ಹಿಂದಿನ ಬೆಂಚಿನಲ್ಲಿ ಮೌನವಾಗುವ ಮಕ್ಕಳೂ ಇದ್ದಾರೆ.

ನಾವು ಮಾಡಬೇಕೆಂದಿರುವುದು ದೊಡ್ಡ ಯೋಜನೆಯೇನಲ್ಲ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ, ಕನ್ನಡ ಮತ್ತು ತುಳು ಎರಡೂ ಮಾತನಾಡುವ ಆಪ್ತ ಸಮಾಲೋಚಕಿಯೊಬ್ಬರು ವಾರಕ್ಕೆ ಎರಡು ದಿನ ಶಾಲೆಯಲ್ಲಿರಬೇಕು. ದಿನಕ್ಕೆ 1,500 ರೂಪಾಯಿ ಗೌರವಧನ. ಶಾಲಾ ವರ್ಷದ 40 ವಾರಗಳಿಗೆ 1,20,000 ರೂಪಾಯಿ. ತಿಂಗಳಿಗೊಂದು ಭಾನುವಾರದಂತೆ ಹತ್ತು ಸಲ ಹೆತ್ತವರ ಕೂಟ ನಡೆಸಲು 15,000. ಧ್ವಜಸ್ತಂಭದ ಬಳಿಯ ಹಳೆ ಕೋಣೆಯ ಒಡೆದ ಹಂಚು ಬದಲಿಸಿ, ನೆಲ ಸರಿಪಡಿಸಿ, ಚಾಪೆ, ಕಪಾಟು, ಬಣ್ಣ, ಕಾಗದ ತರಲು 45,000. ಒಟ್ಟು 1,80,000 ರೂಪಾಯಿ. ಕುರ್ಚಿ ಮೇಜು ಬೇಡವೆಂದು ನಾವೇ ತೀರ್ಮಾನಿಸಿದ್ದೇವೆ. ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿರುವಾಗಲೇ ಮಕ್ಕಳು ಮಾತನಾಡುವುದು.

ಹೆತ್ತವರ ಕೂಟಕ್ಕೆ ಅಪ್ಪಂದಿರು ಬರಲೇಬೇಕೆಂದು ನಮ್ಮ ಕಳಕಳಿಯ ವಿನಂತಿ. ಆ ಹುಡುಗಿಯ ತಂದೆಯೊಡನೆ ನಾಲ್ಕು ಸಲ ಕೂತು ಮಾತನಾಡಿದೆವು. ಕುಡಿತ ಪೂರ್ತಿ ನಿಂತಿಲ್ಲ, ನಿಂತಿತೆಂದು ಹೇಳಿ ನಿಮ್ಮಿಂದ ಹಣ ಕೇಳುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅವರೇ ಮಗಳನ್ನು ಗೇಟಿನವರೆಗೆ ತಂದು ಬಿಡುತ್ತಾರೆ, "ಸಂಜೆ ಅಮ್ಮ ಇರುತ್ತಾಳೆ" ಎಂದು ಹೇಳಿ ಹೋಗುತ್ತಾರೆ. ಅವಳು ಊಟ ಮಾಡುತ್ತಿದ್ದಾಳೆ.

ಕೋಣೆಯಲ್ಲಿ ಮಗು ಹೇಳಿದ್ದು ಕೋಣೆಯಲ್ಲೇ ಉಳಿಯುತ್ತದೆ. ಮಗುವಿನ ಜೀವಕ್ಕೆ, ದೇಹಕ್ಕೆ ಅಪಾಯವಿದ್ದಾಗ ಮಾತ್ರ ಮುಂದಿನ ಕ್ರಮ. ಕೋಣೆ ತೆರೆಯುವವರೆಗೆ ಕಾಯಲಾಗದವರು ಇಂದೇ ಉಪಯೋಗಿಸಬಹುದಾದ ಎರಡು ಉಚಿತ ಸಂಖ್ಯೆಗಳಿವೆ: ಮಕ್ಕಳಿಗಾಗಿ 1098, ಮನಸ್ಸಿನ ಯಾವ ತೊಂದರೆಗಾದರೂ ಕನ್ನಡದಲ್ಲಿಯೂ ಮಾತನಾಡಬಹುದಾದ ಟೆಲಿ ಮಾನಸ್ 14416. ಹಗಲು ರಾತ್ರಿ ಕರೆ ಮಾಡಬಹುದು.

ನಿಮ್ಮ 1,500 ರೂಪಾಯಿ ಮಕ್ಕಳಿಗೆ ಒಂದು ಇಡೀ ದಿನ. 100 ರೂಪಾಯಿಯನ್ನೂ ಅಷ್ಟೇ ಗೌರವದಿಂದ ಸ್ವೀಕರಿಸುತ್ತೇವೆ. ಹಂಚು, ಮರ, ಕೂಲಿ ಕೊಡುವವರೂ ಮುಂದೆ ಬನ್ನಿ. ಶಾಲಾ ಕಚೇರಿಯಲ್ಲಿ ಹಣ ಕೊಟ್ಟು ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಸೂಚನಾ ಫಲಕದಲ್ಲಿ ಹಾಕುತ್ತೇವೆ. ನಮ್ಮ ಸಂಘಕ್ಕೆ 80ಜಿ ತೆರಿಗೆ ವಿನಾಯಿತಿ ಇಲ್ಲ, ಮೊದಲೇ ತಿಳಿಸುತ್ತಿದ್ದೇವೆ. ಮೇ 15ರೊಳಗೆ ನೆರವು ತಲುಪಿದರೆ ಒಳ್ಳೆಯದು. ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಳೆಯೂ ಬರುತ್ತದೆ, ಅದಕ್ಕೆ ಮೊದಲು ಹಂಚು ಹೊದಿಸಬೇಕು.

ವಿನಂತಿಸುವವರು,
ರಕ್ಷಕ-ಶಿಕ್ಷಕ ಸಂಘ, ಮಾತೃ ಸಂಘ ಮತ್ತು ಅಧ್ಯಾಪಕ ವೃಂದ