ಪ್ರಸಂಗಕ್ಕೆ ಹೋಗಿ ಭಾಷಣ ಕೇಳಿ ಬಂದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮೂರಿನ ಒಂದು ಕಚೇರಿಯ ಕನ್ನಡ ನೋಟಿಸಿನಲ್ಲಿ ‘ಸಂಜೆ 4ಕ್ಕೆ ಮಕ್ಕಳ ಪ್ರಸಂಗ’ ಎಂದಿತ್ತು. ಯಕ್ಷಗಾನ ಅಲ್ವಾ ಅಂತ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ಚೆಂಡೆಯೂ ಇಲ್ಲ, ಭಾಗವತರೂ ಇಲ್ಲ. ನಡೆದದ್ದು ಭಾಷಣ ಸ್ಪರ್ಧೆ! ಮಲಯಾಳದಲ್ಲಿ ಪ್ರಸಂಗ ಅಂದರೆ ಭಾಷಣ. ಅದನ್ನೇ ಕನ್ನಡ ಲಿಪಿಗೆ ಇಳಿಸಿದ್ದರು. ನಾಳೆ ‘ಉದ್ಯೋಗ ಅವಸರ’ ಎಂದು ಬರೆದರೂ ಆಶ್ಚರ್ಯವಿಲ್ಲ. ಅವರಿಗದು ಅವಕಾಶ, ನಮಗೆ ಗಡಿಬಿಡಿ.

ಬ್ರಿಟನ್ನಿನ ವೇಲ್ಸ್‌ನಲ್ಲೂ ಇಂಗ್ಲಿಷ್, ವೆಲ್ಷ್ ಎಂದು ಎರಡು ಭಾಷೆಯ ಬೋರ್ಡುಗಳಿವೆ. 2008ರಲ್ಲಿ ಸ್ವಾನ್ಸಿಯಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ವೆಲ್ಷ್ ಸಾಲಿನಲ್ಲಿ ‘ನಾನೀಗ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ’ ಎಂದಿತ್ತಂತೆ. ಅನುವಾದಕ್ಕೆಂದು ಕಳಿಸಿದ ಇಮೇಲಿಗೆ ತಾನಾಗಿ ಬಂದ ಉತ್ತರವನ್ನೇ ಬರೆಸಿಬಿಟ್ಟಿದ್ದರು! ಆ ಭಾಷೆಯ ಪದಗಳೂ ಸುಮ್ನೆ ಅಲ್ಲ. ‘ಮೊರಾನ್’ ಇಂಗ್ಲಿಷಿನಲ್ಲಿ ಬೈಗುಳ, ಅಲ್ಲಿ ಕ್ಯಾರೆಟ್. ನೀಲಿಗೆ ‘ಗ್ಲಾಸ್’ ಅಂತಾರೆ, ಹುಲ್ಲಿನ ಹೆಸರಿನಲ್ಲೂ ಅದೇ ಪದ. ‘ದಸ್ಗಿ’ ಅಂದರೆ ಕಲಿಯುವುದೂ ಹೌದು, ಕಲಿಸುವುದೂ ಹೌದು. ಮಾಸ್ಟ್ರಾಗಿದ್ದ ನನಗೆ ಇದು ಜಾಸ್ತಿ ಹಿಡಿಸಿತು.

ನೋಟಿಸು ಅಂಟಿಸುವ ಮೊದಲು ಕನ್ನಡ ಬಲ್ಲ ಒಬ್ಬರಿಗೆ ತೋರಿಸಲಿ. ಮೊಮ್ಮಗಳು ಇನ್ನೂ ಕೇಳ್ತಾಳೆ, ‘ಅಜ್ಜ, ವೇಷ ಯಾವಾಗ ಬರ್ತದೆ?’

– ನಿವೃತ್ತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು