ಮಗನ ಇನ್ಸುಲಿನ್ ಬಿಡಿಸಿದವರಿಗೆ

ಈ ಜೂನ್‌ನಲ್ಲಿ ನಮ್ಮ ಮಗ ಎಲ್‌ಕೆಜಿಗೆ ಸೇರಿದ. ಬ್ಯಾಗಿನಲ್ಲಿ ಊಟದ ಡಬ್ಬಿ ಇದೆ, ನೀರಿನ ಬಾಟಲಿ ಇದೆ, ಇನ್ಸುಲಿನ್ ಇಲ್ಲ. ಇದಕ್ಕೆ ಕಾರಣರಾದವರಿಗೆ ಎಲ್ಲರ ಮುಂದೆಯೇ ಧನ್ಯವಾದ ಹೇಳಬೇಕು ಅನಿಸಿತು.

ಅವನಿಗೆ ಶುಗರ್ ಇದೆ ಅಂತ ಗೊತ್ತಾದಾಗ ಮೂರು ತಿಂಗಳೂ ತುಂಬಿರಲಿಲ್ಲ. ಮೊದಲು ಅನುಮಾನಪಟ್ಟವರು ನಮ್ಮ ಅತ್ತೆ. ಮಗು ಉಚ್ಚೆ ಮಾಡಿದ ಬಟ್ಟೆಗೆ ಇರುವೆ ಮುತ್ತುತ್ತಿವೆ, ತೋರಿಸಿಕೊಂಡು ಬರೋಣ ಅಂದರು. ಆಸ್ಪತ್ರೆ ಸೇರುವಷ್ಟರಲ್ಲಿ ಅವನ ಉಸಿರಾಟ ಜೋರಾಗಿತ್ತು, ನೇರ ಐಸಿಯುಗೆ ಹಾಕಿದರು. ಅತ್ತೆ, ನೀವು ಅವತ್ತು ಹಟ ಹಿಡಿಯದಿದ್ದರೆ ಏನಾಗುತ್ತಿತ್ತೋ. ಮೊದಲ ನಮಸ್ಕಾರ ನಿಮಗೆ.

ಆಮೇಲೆ ಇನ್ಸುಲಿನ್ ಶುರುವಾಯಿತು. ಅಷ್ಟು ಪುಟ್ಟ ಮೈಗೆ ಅರ್ಧ ಯೂನಿಟ್ ಕೂಡ ಕೆಲವೊಮ್ಮೆ ಜಾಸ್ತಿ. ಹಾಲು ಸ್ವಲ್ಪ ಕಡಿಮೆ ಕುಡಿದರೆ ಸಾಕು, ಶುಗರ್ ಸರ್ರನೆ ಇಳಿಯುತ್ತಿತ್ತು. ರಾತ್ರಿ ಎದ್ದೆದ್ದು ಹಿಮ್ಮಡಿ ಚುಚ್ಚಿ ನೋಡಬೇಕು. ಐಸಿಯುನ ನರ್ಸ್ ಒಬ್ಬರು ಡ್ಯೂಟಿ ಮುಗಿದ ಮೇಲೂ ಕೂತು ನಮಗೆ ಇನ್ಸುಲಿನ್ ತೆಳುಮಾಡುವುದನ್ನು, ಸಿರಿಂಜಿನ ಗೆರೆ ಓದುವುದನ್ನು ಕಲಿಸಿದರು. ಅಕ್ಕ, ನೀವು ಕಲಿಸಿದ್ದರಿಂದಲೇ ಆ ರಾತ್ರಿಗಳು ಕಳೆದವು.

ಇವಳು ಬಸುರಿಯಾಗಿದ್ದಾಗ ಸಿಹಿ ಜಾಸ್ತಿ ತಿಂದಿದ್ದಾಳೆ ಅಂತ ನನ್ನನ್ನು ಅಂದವರೂ ಇದ್ದರು. ಆ ಮಾತು ಸೂಜಿಗಿಂತ ಹೆಚ್ಚು ನೋಯಿಸಿತು.

ದಾರಿ ಬದಲಿಸಿದ್ದು ಮಕ್ಕಳ ಡಾಕ್ಟರ್ ಹೇಳಿದ ಒಂದು ವಿಷಯ. ಆರು ತಿಂಗಳೊಳಗೆ ಬರುವ ಶುಗರ್ ಸಾಮಾನ್ಯವಾಗಿ ಟೈಪ್ 1, ಅಂದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಇನ್ಸುಲಿನ್ ಬೇಕೇ ಬೇಕಾದ ಬಗೆ ಅಲ್ಲ, ಜೀನ್ ಪರೀಕ್ಷೆ ಮಾಡಿಸಲೇಬೇಕು ಅಂದರು. ರಕ್ತದ ಸ್ಯಾಂಪಲ್ ಇಂಗ್ಲೆಂಡಿನ ಎಕ್ಸೆಟರ್ ಊರಿನ ಲ್ಯಾಬಿಗೆ ಹೋಯಿತು. ಪರೀಕ್ಷೆಗೆ ಒಂದು ರೂಪಾಯಿಯೂ ಕೇಳಲಿಲ್ಲ. ಕೆಸಿಎನ್‌ಜೆ11 ಅನ್ನುವ ಜೀನ್‌ನಲ್ಲಿ ಬದಲಾವಣೆ ಇದೆ ಅಂತ ಉತ್ತರ ಬಂತು. ಅದು ನನ್ನಲ್ಲೂ ಇಲ್ಲ, ನಮ್ಮವರಲ್ಲೂ ಇಲ್ಲ. ಅವನಲ್ಲೇ ಹೊಸದಾಗಿ ಆದದ್ದು. ಸಿಹಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಕಾಗದ ಓದಿ ನಾನು ತುಂಬಾ ಹೊತ್ತು ಅತ್ತೆ.

ಡಾಕ್ಟರ್ ವಿವರಿಸಿದ್ದು ಹೀಗೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಒಂದು ದಾರಿ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಮುಚ್ಚಬೇಕು, ಆಗಲೇ ಇನ್ಸುಲಿನ್ ಹೊರಬರುವುದು. ಇವನಲ್ಲಿ ಅದು ಕಾಲುವೆಯ ತೂಬು ಕಚ್ಚಿಕೊಂಡ ಹಾಗೆ ತೆರೆದೇ ಇತ್ತು. ಒಳಗೆ ಇನ್ಸುಲಿನ್ ಇದೆ, ಹೊರಗೆ ಬರುತ್ತಿಲ್ಲ. ಗ್ಲೈಬೆನ್‌ಕ್ಲಮೈಡ್ ಮಾತ್ರೆ ಆ ದಾರಿಯನ್ನು ಮುಚ್ಚುತ್ತದೆ. ನಮ್ಮ ಮಾವನ ಔಷಧಿ ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದ ಮಾತ್ರೆಯೇ ಅದು!

ಮಗನನ್ನು ಅಡ್ಮಿಟ್ ಮಾಡಿಕೊಂಡು, ಮಾತ್ರೆ ಏರಿಸುತ್ತಾ ಇನ್ಸುಲಿನ್ ಇಳಿಸುತ್ತಾ ಬಂದರು. ಒಂದು ದಿನ ಇನ್ಸುಲಿನ್ ಪೂರ್ತಿ ನಿಂತಿತು. ಈಗ ಮಾತ್ರೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡುತ್ತೇವೆ. ಇದೇ ಜೀನ್ ಮೆದುಳಿನಲ್ಲೂ ಕೆಲಸ ಮಾಡುತ್ತದಂತೆ. ಅದಕ್ಕೇ ಬೇಗ ಶುರುಮಾಡಿದಷ್ಟೂ ಒಳ್ಳೆಯದು ಅಂದರು.

ಇದರ ಹಿಂದೆ ಎಷ್ಟು ಜನರ ದುಡಿಮೆ ಇದೆ ಅಂತ ಆಮೇಲೆ ಓದಿ ತಿಳಿದೆ. ಸಕ್ಕರೆ ಏರಿದಾಗ ಆ ಪೊಟ್ಯಾಸಿಯಂ ದಾರಿ ಮುಚ್ಚುತ್ತದೆ ಅಂತ ವಿಜ್ಞಾನಿ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಮತ್ತು ಜೊತೆಗಾರರು ತೋರಿಸಿದ್ದು 1984ರಲ್ಲಿ. ಆ್ಯನಾ ಗ್ಲೋಯ್ನ್, ಆ್ಯಂಡ್ರೂ ಹ್ಯಾಟರ್ಸ್ಲಿ ಮತ್ತವರ ತಂಡ 2004ರಲ್ಲಿ ಈ ಜೀನ್‌ನ ದೋಷವನ್ನು ಹಿಡಿದರು. 2006ರಲ್ಲಿ ಬಂದ ವರದಿಯ ಪ್ರಕಾರ ಇಂಥ 49 ಜನರಿಗೆ ಮಾತ್ರೆ ಕೊಟ್ಟು ನೋಡಿದಾಗ 44 ಜನ ಇನ್ಸುಲಿನ್ ಬಿಟ್ಟರು. ಮಾತ್ರೆಗೆ ಬದಲಾದ 81 ಜನರನ್ನು ಸುಮಾರು 10 ವರ್ಷ ಗಮನಿಸಿದ ವರದಿ 2018ರಲ್ಲಿ ಬಂತು. ಅವರಲ್ಲಿ 75 ಜನ ಇನ್ಸುಲಿನ್ ಇಲ್ಲದೆಯೇ ಇದ್ದರು. ಆ 81 ಜನರಿಗೂ ಅವರ ಮನೆಯವರಿಗೂ ನನ್ನ ದೊಡ್ಡ ನಮಸ್ಕಾರ. ಮುಂದೇನು ಅಂತ ಯಾರಿಗೂ ಗೊತ್ತಿಲ್ಲದಾಗ ಮೊದಲು ಹೆಜ್ಜೆ ಇಟ್ಟವರು ಅವರು.

ಇಷ್ಟು ಅಪರೂಪದ ಕಾಯಿಲೆಯ ಸಂಶೋಧನೆಗೆ ಯಾಕಿಷ್ಟು ಖರ್ಚು ಅಂತ ಕೇಳುವವರಿಗೆ ನನ್ನ ಮಗನನ್ನು ತೋರಿಸುತ್ತೇನೆ.

ಐಸಿಯುನಲ್ಲಿ ಪಕ್ಕದ ಹಾಸಿಗೆಯ ಅಮ್ಮ, ನಿಮ್ಮ ಮಗಳ ಜೀನ್ ಬೇರೆ. ಅವಳಿಗೆ ಇನ್ಸುಲಿನ್ ಮುಂದುವರಿದಿದೆ. ಆದರೂ ನಮ್ಮ ಫಲಿತಾಂಶ ಬಂದ ದಿನ ನೀವೇ ಎಲ್ಲರಿಗಿಂತ ಜಾಸ್ತಿ ಸಂತೋಷಪಟ್ಟಿರಿ. ನಾನು ಮರೆಯುವುದಿಲ್ಲ.

ಮಗುವಿಗೆ ಆರು ತಿಂಗಳೊಳಗೆ ಶುಗರ್ ಬಂದಿದ್ದರೆ ಡಾಕ್ಟರ್ ಹತ್ತಿರ ಜೀನ್ ಪರೀಕ್ಷೆಯ ವಿಷಯ ಎತ್ತಿ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರೂ ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಮಗು ಈಗ ದೊಡ್ಡದಾಗಿದ್ದರೂ ಹಳೇ ಚೀಟಿ ತೆಗೆದು ವಯಸ್ಸು ನೋಡಿ, ಕೇಳಿ. ಇನ್ಸುಲಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.