ಓಡಿಸಿದವರಿಗೂ ತಡೆದವರಿಗೂ ಶರಣು

ಮೊನ್ನೆ ಭಾನುವಾರ ಚಿತ್ರದುರ್ಗದ ಚಂದ್ರವಳ್ಳಿ ಕಡೆಯ ಗುಡ್ಡದ ಮಣ್ಣುಹಾದಿಯಲ್ಲಿ ಎಲ್ಲೂ ಕೂರದೆ ಓಡಿ ಬಂದೆ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಕಾಲು ನನ್ನ ಮಾತು ಕೇಳಿದ್ದು ಇದೇ ಮೊದಲು. ಇಷ್ಟು ದಿನ ಫೋನ್ ಮಾಡಿ, ಮನೆಗೆ ಬಂದು, ದಾರಿಯಲ್ಲಿ ನಿಲ್ಲಿಸಿ ವಿಚಾರಿಸಿದವರು ಬಹಳ ಜನ. ಒಬ್ಬೊಬ್ಬರಿಗೆ ಹೇಳುತ್ತಾ ಹೋದರೆ ಯಾರಾದರೂ ಬಿಟ್ಟುಹೋದಾರು ಅಂತ ಎಲ್ಲರಿಗೂ ಇಲ್ಲೇ ಬರೆಯುತ್ತಿದ್ದೇನೆ.

ಜ್ವರ ವಾರದೊಳಗೆ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಪೇಸ್ಟಿನ ಮುಚ್ಚಳ ತಿರುಗಿಸಿ ಕೊಡಲೂ ಅತ್ತೆಯೇ ಬೇಕು. ಮಂಚದಿಂದ ಇಳಿದು ಪಾದ ಊರಿದರೆ ಹರಡಿನಲ್ಲಿ ಚಳಕ್ ಅನ್ನುತ್ತಿತ್ತು. ಕೆಲವರಿಗೆ ಈ ನೋವು ತಿಂಗಳುಗಟ್ಟಲೆ ಇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಆ ಕೆಲವರಲ್ಲಿ ಒಬ್ಬಳಾದೆ. ಸ್ವಲ್ಪ ಹಗುರಾಯಿತು ಅನ್ನಿಸಿದ ದಿನವೇ ಬೂಟು ಹುಡುಕುತ್ತಿದ್ದ ನನಗೆ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು: "ಗುಡ್ಡ ಅಲ್ಲೇ ಐತೆ, ನೀನು ಮೊದ್ಲು ಉಣ್ಣು ಬಾರವ್ವ." ಬಿಸಿ ಮುದ್ದೆ, ಸೊಪ್ಪಿನ ಸಾರು, ಸಂಜೆಗೆ ಶೇಂಗಾ ಉಂಡೆ. ಅತ್ತೆ, ಮೊನ್ನೆ ಗುಡ್ಡ ಹತ್ತಿದ ಶಕ್ತಿ ನಿಮ್ಮ ಕೈಯಡುಗೆಯದು.

ಫಿಸಿಯೋಥೆರಪಿ ಮಾಡಿಸಿದ ತಂಗಿಗೆ ಎಷ್ಟು ಹೇಳಿದರೂ ಕಡಿಮೆ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದು, ಆಮೇಲೆ ಮೆಟ್ಟಿಲಿನಿಂದ ನಿಧಾನವಾಗಿ ಒಂದು ಕಾಲು ಇಳಿಸುವುದು. ಇಷ್ಟನ್ನೇ ವಾರಗಟ್ಟಲೆ ಮಾಡಿಸಿದಳು. ಹತ್ತುವ ವ್ಯಾಯಾಮ ಕೊಡಮ್ಮ ಎಂದರೆ, "ಅಕ್ಕ, ಹತ್ತೋಕೆ ಉಸಿರು ಬೇಕು, ಇಳಿಯೋಕೆ ತೊಡೆ ಬೇಕು. ಮೊದ್ಲು ತೊಡೆ" ಎಂದಳು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದಕ್ಕೇ ಇಳಿದ ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಳ್ಳುವುದು. ಅವಳು ಹೀಗೆ ಬಿಡಿಸಿ ಹೇಳಿದ ಮೇಲೆ ಆ ಒಂದು ಮೆಟ್ಟಿಲ ಮೇಲೆ ನನಗೆ ಬೇಸರ ಬರಲಿಲ್ಲ.

ಚಂದ್ರವಳ್ಳಿಗೆ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರಿಗೂ ನನ್ನ ನಮಸ್ಕಾರ. ಮೊದಮೊದಲು ಭೈರವೇಶ್ವರ ಗುಡಿ ಪಕ್ಕದ ಬಂಡೆಯವರೆಗೆ ಹೋಗಿ ತಿರುಗುವುದೇ ನನಗೆ ಸಾಕಾಗುತ್ತಿತ್ತು. ಅಲ್ಲಿಯವರೆಗೆ ನನ್ನ ನಡಿಗೆಗೆ ತಮ್ಮ ನಡಿಗೆ ಕೂಡಿಸಿಕೊಂಡು ಬಂದಿರಿ. ನಿವೃತ್ತ ಮೇಷ್ಟ್ರಜ್ಜ ಆ ಬಂಡೆಯ ಮೇಲಿರುವ ಕದಂಬರ ಮಯೂರಶರ್ಮನ ಶಾಸನ ತೋರಿಸಿ, ಅದು ಪ್ರಾಕೃತದಲ್ಲಿದೆ, ಅದರಲ್ಲಿ ಕೆರೆಯ ಸಂಗತಿ ಇದೆ ಎಂದು ವಿವರಿಸುವಷ್ಟರಲ್ಲಿ ನನ್ನ ಕಾಲಿಗೂ ವಿರಾಮ ಸಿಗುತ್ತಿತ್ತು. ಬೇಕೆಂದೇ ಹಾಗೆ ನಿಲ್ಲಿಸುತ್ತಿದ್ದರು ಎಂದು ನನಗೆ ಗೊತ್ತು. ಬಂಡೆಯಿಂದ ಕೆರೆಯವರೆಗೆ, ಕೆರೆಯಿಂದ ಅಂಕಲಿ ಮಠದವರೆಗೆ, ಹೀಗೆ ನಿಮ್ಮ ಜೊತೆಯೇ ನನ್ನ ದೂರ ಬೆಳೆಯಿತು.

ಇನ್ನು ಆ ಭಾನುವಾರ. ಹಾಸಿಗೆಯಿಂದ ಏಳುವಾಗಲೇ ಮೈಯಲ್ಲಿ ಹುರುಪಿತ್ತು, ಬೆರಳು ಸಲೀಸಾಗಿ ಮಡಚಿತು. ರಾತ್ರಿ ಉತ್ತರೆ ಮಳೆ ಒಂದು ಹದ ಬಿದ್ದಿತ್ತು. ಕೆಮ್ಮಣ್ಣಿನಲ್ಲಿ ಧೂಳೂ ಇಲ್ಲ, ಕೆಸರೂ ಇಲ್ಲ. ಬೂಟಿನಡಿಯ ಗೆರೆಗಳು ಒಂದೊಂದೂ ಎದ್ದು ಕಾಣುವ ಹಾಗೆ ಅಚ್ಚು ಮೂಡುತ್ತಿತ್ತು. ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ಹುಡುಗಿಯರು ಮುಂದೆ, ಅವರ ಹಿಂದೆ ನಾನು. ಏರು ಬಂದಲ್ಲಿ ಹೆಜ್ಜೆ ಗಿಡ್ಡ ಮಾಡಿಕೊಂಡೆ, ಉಸಿರು ತಾನಾಗಿ ಲಯಕ್ಕೆ ಬಂತು. ದಾರಿಯ ಎರಡೂ ಬದಿ ತಂಗಡಿ ಹಳದಿ ಹೂ ಬಿಟ್ಟು ನಿಂತಿತ್ತು. ತೋಳಿಗೆ ಬಂದರಿಕೆ ಗಿಡ ಸವರಿದರೆ ಎಲೆಯ ಮೇಲಿನ ಮಳೆನೀರು ಮೊಣಕೈವರೆಗೆ ತಣ್ಣಗೆ ಇಳಿಯುತ್ತಿತ್ತು. ಎಲ್ಲೋ ನವಿಲು ಕೂಗಿತು. "ಅಕ್ಕಾ, ಎಡಕ್ಕೆ ಗರಸು, ಹುಷಾರು!" ಎಂದು ಮುಂದಿನವಳು ಕೂಗಿದ್ದೇ ಕೂಗಿದ್ದು. ಟಾರು ರಸ್ತೆಯಲ್ಲಿ ಎಲ್ಲ ಹೆಜ್ಜೆಯೂ ಒಂದೇ ಥರ. ಇಲ್ಲಿ ಒಂದು ಬಂಡೆಯ ಮೇಲೆ, ಒಂದು ಬೇರಿನ ಆಚೆ, ಒಂದು ಜಾರುವ ಗರಸಿನ ಅಂಚಿಗೆ. ಕಣ್ಣು ಮುಂದಿನ ಮೂರ್ನಾಲ್ಕು ಹೆಜ್ಜೆಯ ಮೇಲೆಯೇ ಇರಬೇಕು. ನೋವಿನ ನೆನಪು ಬರಲು ಪುರುಸೊತ್ತೇ ಇರಲಿಲ್ಲ.

ಮೇಲೆ ಹೋದಾಗ ಗಾಳಿ ಎದೆಗೇ ಬಡಿಯಿತು. ಒಂದು ಕಡೆ ಕೋಟೆಯ ಗೋಡೆ ಬಂಡೆಯಿಂದ ಬಂಡೆಗೆ ಹತ್ತಿ ಹೋಗಿದೆ, ಇನ್ನೊಂದು ಕಡೆ ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಹುಡುಗಿಯರು ನಿಲ್ಲೋಣವಾ ಎಂದು ಕೇಳಿದರು. ಬೇಡ, ಇಳಿಯೋಣ ಎಂದೆ. ಕಣ್ಣಿ ಬಿಚ್ಚಿದ ಕರುವಿನ ಹಾಗೆ ಇಳಿದೆ! ತೊಡೆ ಹಿಡಿದು ನಿಲ್ಲಿಸುತ್ತಿತ್ತು, ಹರಡು ಎಲ್ಲೂ ಹೊರಳಲಿಲ್ಲ, ಬಾಯಿಂದ ನಗು ತಡೆಯಲು ಆಗಲಿಲ್ಲ. ಕೆಳಗೆ ಬಂದು ತಂಗಿಗೆ ಫೋನ್ ಮಾಡಿ "ಇಳಿದೆ ಕಣೇ" ಎಂದೆ. ಎಷ್ಟು ಹತ್ತಿದೆ ಎಂದು ಅವಳು ಕೇಳಲೇ ಇಲ್ಲ.

ಕೊನೆಯದಾಗಿ ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಅಕ್ಕನಿಗೆ. ನಾನು ಮಲಗಿದ್ದಾಗ ಮನೆಮನೆಗೂ ಹೋಗಿ ತೊಟ್ಟಿ, ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ನೋಡಿ ಬಂದವರು ಅವರು. ಚಿಕುನ್‌ಗುನ್ಯಾ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಮೊಟ್ಟೆಯಿಡುವುದು ನಾವು ಕೂಡಿಟ್ಟ ತಿಳಿನೀರಿನ ಅಂಚಿಗೆ. ನೀರು ಚೆಲ್ಲಿದರೂ ಮೊಟ್ಟೆ ಪಕ್ಕಕ್ಕೆ ಅಂಟಿಕೊಂಡೇ ಇರುತ್ತದೆ, ಉಜ್ಜಲೇಬೇಕು ಎಂದು ಬ್ರಷ್ ಹಿಡಿದು ಮಾಡಿ ತೋರಿಸಿದರು. ಅಕ್ಕ, ಈ ಶುಕ್ರವಾರದಿಂದ ನಿಮ್ಮ ಜೊತೆ ನಾನೂ ಬರುತ್ತೇನೆ. ಮೇಲಿನ ಸಾಲಿನ ಮನೆಗಳು ನನಗಿರಲಿ, ಅಲ್ಲಿ ಮೆಟ್ಟಿಲು ಜಾಸ್ತಿ.